ಒಂದು ತಿಂಗಳು, ಐದು ಕಾದಂಬರಿ



ಒಂದು ಬೇಸಿಗೆಯಲ್ಲಿ, ಒಂದು ತಿಂಗಳ ಮಟ್ಟಿಗೆ, ದಿನವೂ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗಿ ಬರುವ ಕೆಲಸ ನನಗೆ ಒದಗಿತು. ರಾಜೇಶ್ವರ, ಸಸ್ತಾಪುರ ಬಂಗ್ಲಾ ಎಂದು ಅಲ್ಲಲ್ಲಿ ನಿಂತು ಹೋಗುವ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ. ಕಿಟಕಿಯಿಂದ ಬರುವ ಬಿಸಿಗಾಳಿಗೆ ಮುಖವೊಡ್ಡಿ ಸುಮ್ಮನೆ ಕೂಡುವ ಬದಲು ಏನನ್ನಾದರೂ ಓದೋಣವೆಂದು ನಿಶ್ಚಯಿಸಿದೆ. ಗ್ರಂಥಾಲಯದಿಂದ ಕೆಲವು, ಮನೆಯ ಕಪಾಟಿನಿಂದ ಕೆಲವು, ಹೀಗೆ ಐದು ಕಾದಂಬರಿಗಳನ್ನು ಆರಿಸಿಕೊಂಡೆ. ಆರಿಸುವಾಗ ಹಾಕಿಕೊಂಡ ನಿಯಮ ಒಂದೇ: ಒಂದರ ಹಾಗೆ ಇನ್ನೊಂದು ಇರಬಾರದು.

ಎರಡನೆಯ ದಿನವೇ ಪಕ್ಕದಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ಕೇಳಿದರು, "ಏನ್ ಓದ್ಲತ್ತೀರಿ ಸರ?" ನಾನು "ಕಾದಂಬರಿ" ಎಂದೆ. ಅವರು ಪುಸ್ತಕದ ದಪ್ಪವನ್ನೊಮ್ಮೆ ನೋಡಿ, "ಇದರಾಗಿಂದು ಖರೇ ಅದಾ, ಏನ್ ಸುಳ್ಳ ಅದಾ?" ಎಂದರು. ಕನ್ನಡ ಪಾಠ ಹೇಳುವ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆ ತಿಂಗಳು ಪೂರ್ತಿ ನನ್ನ ಜೊತೆಗೇ ಪ್ರಯಾಣ ಮಾಡಿತು. ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವುದು ಆ ಪ್ರಶ್ನೆಯ ಕತೆಯನ್ನೇ.

ಆ ದಿನ ನನ್ನ ಕೈಯಲ್ಲಿದ್ದುದು ಬಿ. ಪುಟ್ಟಸ್ವಾಮಯ್ಯನವರ 'ಕ್ರಾಂತಿ ಕಲ್ಯಾಣ'. ಬಸವಣ್ಣನವರ ಕಾಲವನ್ನು ಕುರಿತು ಅವರು ಬರೆದ ಆರು ಕಾದಂಬರಿಗಳ ಮಾಲೆಯಲ್ಲಿ ಇದು ಕೊನೆಯದು. 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ಹನ್ನೆರಡನೆಯ ಶತಮಾನದ ಕಲ್ಯಾಣ, ಬಿಜ್ಜಳನ ಆಳ್ವಿಕೆ, ಶರಣರ ಚಳವಳಿ, ಅದರ ಕೊನೆಗೆ ಬಂದ ರಕ್ತಪಾತ ಇದರ ವಸ್ತು. ಬೆಳಿಗ್ಗೆ ಬಸ್ಸಿನಲ್ಲಿ ಕಲ್ಯಾಣದ ಅರಮನೆಯನ್ನು ಓದುವುದು, ಇಳಿದ ಮೇಲೆ ಅದೇ ಊರಿನ ಕೋಟೆ, ಪರುಷ ಕಟ್ಟೆ, ತ್ರಿಪುರಾಂತ ಕೆರೆಗಳನ್ನು ಕಣ್ಣಾರೆ ನೋಡುವುದು. ಇಂಥ ಅನುಕೂಲ ಎಷ್ಟು ಮಂದಿ ಓದುಗರಿಗೆ ಸಿಕ್ಕೀತು?

ಆದರೆ ಅನುಕೂಲದ ಜೊತೆಗೆ ಅಪಾಯವೂ ಇತ್ತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಕಾದಂಬರಿಯಲ್ಲಿ ಓದಿದ್ದನ್ನೆಲ್ಲ ನಾನು ಚರಿತ್ರೆ ಎಂದೇ ನಂಬತೊಡಗಿದ್ದೆ. ಚರಿತ್ರೆಗೆ ಆಧಾರ ಬೇಕು. ಶರಣರ ಕಾಲವನ್ನು ತಿಳಿಯಲು ನಮಗಿರುವ ಆಧಾರಗಳೆಂದರೆ ವಚನಗಳು, ಬಸವಣ್ಣನವರ ಹೆಸರು ಬರುವ 1260ರ ಅರ್ಜುನವಾಡ ಶಾಸನದಂಥ ಕೆಲವು ಶಾಸನಗಳು, ಆಮೇಲೆ ಬಂದ ಹರಿಹರನ ರಗಳೆ, 1369ರ ಭೀಮಕವಿಯ ಬಸವಪುರಾಣ ಮುಂತಾದ ಕಾವ್ಯಗಳು. ಇವುಗಳ ನಡುವೆ ದೊಡ್ಡ ದೊಡ್ಡ ಬಿರುಕುಗಳಿವೆ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾಯಿತೆಂದು ಪರಂಪರೆ ಹೇಳುತ್ತದೆ. ಆ ಮದುವೆಯ ಹಿಂದಿನ ರಾತ್ರಿ ಆ ಹುಡುಗಿಯ ತಾಯಿಗೆ ನಿದ್ದೆ ಬಂದಿತೇ ಎಂಬುದನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ಕಾದಂಬರಿಕಾರನ ಹೊಲ ಇರುವುದು ಅಲ್ಲಿಯೇ. ಆದ್ದರಿಂದ ಐತಿಹಾಸಿಕ ಕಾದಂಬರಿಯನ್ನು ಓದುವಾಗ ಒಂದು ಹಾಳೆಯನ್ನು ಎರಡು ಭಾಗ ಮಾಡಿಕೊಳ್ಳಿ. ಒಂದು ಕಡೆ ಆಧಾರವಿರುವ ಸಂಗತಿಗಳು, ಇನ್ನೊಂದು ಕಡೆ ಲೇಖಕರು ಕಲ್ಪಿಸಿದ್ದು. ಹೀಗೆ ಬರೆಯುತ್ತ ಹೋದರೆ ಚರಿತ್ರೆಯೂ ಚೆನ್ನಾಗಿ ತಿಳಿಯುತ್ತದೆ, ಕಲ್ಪನೆಯ ಬೆಲೆಯೂ ತಿಳಿಯುತ್ತದೆ.

ಅಷ್ಟು ಭಾರವಾದ ಪುಸ್ತಕದ ಬಳಿಕ ಹಗುರವಾದದ್ದು ಬೇಕೆನಿಸಿತು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ತೆಗೆದುಕೊಂಡೆ. 1980ರಲ್ಲಿ ಬಂದ ಕಾದಂಬರಿ. ಕರ್ವಾಲೊ ಎಂಬ ವಿಜ್ಞಾನಿ, ಮಂದಣ್ಣ ಎಂಬ ಹಳ್ಳಿಯ ಹುಡುಗ, ಅಡಿಗೆ ಮಾಡುವ ಕರಿಯಪ್ಪ, ಕಿವಿ ಎಂಬ ನಾಯಿ, ಇವರನ್ನೆಲ್ಲ ಕಟ್ಟಿಕೊಂಡು ಕತೆ ಹೇಳುವ ಲೇಖಕ. ಇವರು ಹುಡುಕಿಕೊಂಡು ಹೊರಟಿರುವುದು ಹಾರುವ ಓತಿಯನ್ನು. ಬಸ್ಸಿನಲ್ಲಿ ಒಬ್ಬನೇ ನಕ್ಕದ್ದನ್ನು ಕಂಡು ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಓತಿ ಸಿಕ್ಕಿತೋ ಇಲ್ಲವೋ ನಾನು ಹೇಳುವುದಿಲ್ಲ, ನೀವೇ ಓದಬೇಕು.

ನನ್ನನ್ನು ತಡೆದು ನಿಲ್ಲಿಸಿದವನು ಮಂದಣ್ಣ. ಊರಿನವರ ಕಣ್ಣಿಗೆ ಅವನು ದಡ್ಡ, ಕೆಲಸಕ್ಕೆ ಬಾರದವನು. ವಿಜ್ಞಾನಿಯ ಕಣ್ಣಿಗೆ ಅವನೊಬ್ಬ ಹುಟ್ಟು ಸಂಶೋಧಕ. ಇದನ್ನು ಓದುತ್ತಿರುವಾಗ ನನ್ನ ತರಗತಿಯ ಕೊನೆಯ ಬೆಂಚಿನ ಹುಡುಗನೊಬ್ಬ ನೆನಪಾದ. ಕುರಿ ಕಾಯುವವರ ಮನೆಯವನು. ಯಾವ ಕುರಿಗೆ ಯಾವ ಸೊಪ್ಪು ಆಗುವುದಿಲ್ಲ, ಯಾವ ಗಾಳಿಗೆ ಮಳೆ ಬರುತ್ತದೆ, ಮಣ್ಣಿನ ಮೇಲೆ ಹರಿದುಹೋದ ಗುರುತು ಯಾವ ಹಾವಿನದು, ಎಲ್ಲವನ್ನೂ ಬಲ್ಲವನು. ವ್ಯಾಕರಣದಲ್ಲಿ ಮೂರು ಅಂಕ ತೆಗೆದನೆಂದು ಎಲ್ಲರೆದುರು ನಾನು ಅವನನ್ನು ಹಂಗಿಸಿದ್ದೆ. ಅವನು ಮುಂದೆ ಶಾಲೆಗೆ ಬರುವುದನ್ನೇ ಬಿಟ್ಟ. ನನ್ನ ಮಾತೇ ಕಾರಣವೋ, ಮನೆಯ ಬಡತನ ಕಾರಣವೋ, ನಾನು ಹೋಗಿ ವಿಚಾರಿಸಲಿಲ್ಲ. ನಗಿಸುವ ಪುಸ್ತಕವೂ ಹೀಗೆ ಮನುಷ್ಯನನ್ನು ಕಟಕಟೆಯಲ್ಲಿ ನಿಲ್ಲಿಸಬಲ್ಲದು.

ಮೂರನೆಯದು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ', 1976ರ ಕೃತಿ. ಇಂದಿರಾ ಅವರು ಕಾದಂಬರಿ ಬರೆಯಲು ಆರಂಭಿಸಿದ್ದು ವಯಸ್ಸು ನಲವತ್ತು ದಾಟಿದ ಮೇಲೆ ಎಂಬುದನ್ನು ನೆನಪಿಡಿ. ಫಣಿಯಮ್ಮ ಅವರ ಬಂಧುವರ್ಗದಲ್ಲಿ ನಿಜವಾಗಿ ಬಾಳಿದ ಹೆಂಗಸು. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವೈಧವ್ಯ, ಆಮೇಲೆ ನೂರು ವರ್ಷ ಮೀರಿದ ಬದುಕು. ಅಷ್ಟು ದೀರ್ಘ ಕಾಲ ಆ ಮಲೆನಾಡಿನ ಮನೆಯಲ್ಲಿ ಅವಳು ಎಲ್ಲರ ಕೆಲಸ ಮಾಡಿದಳು, ಯಾರಿಗೂ ಎದುರಾಡಲಿಲ್ಲ. ಆದರೆ ಬೇಕಾದ ಹೊತ್ತಿನಲ್ಲಿ, ಮುಟ್ಟಬಾರದೆಂದು ದೂರವಿಟ್ಟಿದ್ದ ಜಾತಿಯ ಹೆಣ್ಣುಮಗಳ ಹೆರಿಗೆಗೆ ಕೈಕೊಟ್ಟಳು. ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ನಿಂತ ಎಳೆಯ ವಿಧವೆಯ ಪಕ್ಷ ವಹಿಸಿದಳು. ಕೂಗಾಡದೆಯೂ ಮನುಷ್ಯ ಗಟ್ಟಿಯಾಗಿರಬಹುದೆಂದು ಈ ಪುಸ್ತಕ ತೋರಿಸುತ್ತದೆ.

ನಮ್ಮ ಮನೆಯಲ್ಲೂ ಒಬ್ಬ ಸೋದರತ್ತೆ ಇದ್ದರು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ನಮ್ಮವರಲ್ಲಿ ತಲೆ ಬೋಳಿಸುವ ಪದ್ಧತಿ ಇರಲಿಲ್ಲ. ಆದರೂ ಮನೆಯಲ್ಲಿ ಮದುವೆ ನಡೆದಾಗ ಅತ್ತೆ ಹಂದರದಲ್ಲಿ ಕಾಣುತ್ತಿರಲಿಲ್ಲ, ಹಿತ್ತಲಲ್ಲಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ಅದು ಅವರ ಜಾಗ ಎಂದೇ ನಾವು ಮಕ್ಕಳೆಲ್ಲ ತಿಳಿದಿದ್ದೆವು. ಆ ಬಿಸಿ ರೊಟ್ಟಿ ತಿಂದು ದೊಡ್ಡವನಾದ ನಾನು, ಅವರು ಯಾಕೆ ಅಲ್ಲಿ ಕುಳಿತಿದ್ದಾರೆಂದು ಒಮ್ಮೆಯೂ ಕೇಳಲಿಲ್ಲ. ಆ ಸಂಜೆ ಬಸ್ಸು ಹುಮನಾಬಾದಿಗೆ ಬಂದು ನಿಂತರೂ ನಾನು ಸ್ವಲ್ಪ ಹೊತ್ತು ಕೆಳಗಿಳಿಯಲಿಲ್ಲ.

ನಾಲ್ಕನೆಯ ವಾರ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಬಳಿಕ ಪುಸ್ತಕವಾದ ಕೃತಿ. ಕಾಸರಗೋಡಿನ ಕಡೆಯ ನಾದಿರಾ ಎಂಬ ಹೆಣ್ಣುಮಗಳ ಕತೆ. ತಂದೆಯ ಹಟದಿಂದ ಅವಳು ಪ್ರೀತಿಯ ಗಂಡನಿಂದ ದೂರವಾಗುತ್ತಾಳೆ. ಮತ್ತೆ ಅವನನ್ನು ಸೇರಬೇಕಾದರೆ ನಡುವೆ ಒಂದು ರಾತ್ರಿಯ ಮಟ್ಟಿಗೆ ಬೇರೊಬ್ಬನ ಹೆಂಡತಿಯಾಗಬೇಕೆಂದು ಗಂಡಸರು ತೀರ್ಮಾನಿಸುತ್ತಾರೆ. ಅವಳನ್ನು ಯಾರೂ ಕೇಳುವುದಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಬೀದರ್, ಹುಮನಾಬಾದ್, ಬಸವಕಲ್ಯಾಣಗಳ ನಾವು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದೆವು. ಅದೇ ದಿನ ಕಾಸರಗೋಡು ಮದ್ರಾಸ್ ರಾಜ್ಯದಿಂದ ಕೇರಳಕ್ಕೆ ಸೇರಿತು. ಕನ್ನಡ ನಾಡಿನ ಉತ್ತರದ ತುದಿಯಲ್ಲಿ ಕುಳಿತ ನಾನು ದಕ್ಷಿಣದ ಗಡಿಯಾಚೆಯ ಕನ್ನಡ ಪುಸ್ತಕವನ್ನು ಓದುತ್ತಿದ್ದೆ. ಸುತ್ತಲೂ ಬಸ್ಸಿನಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ಒಟ್ಟಿಗೇ ಕೇಳುತ್ತಿದ್ದವು. ಅಷ್ಟು ದೂರದ ನಾದಿರಾ ನನಗೆ ದೂರದವಳೆನಿಸಲಿಲ್ಲ.

ಇನ್ನೊಂದು ಮಾತು. ಈ ಕಾದಂಬರಿಯೊಂದನ್ನೇ ಓದಿದವನಿಗೆ ಒಂದು ಧರ್ಮದ ಜನರ ಕಡೆ ಬೆರಳು ತೋರಿಸುವ ಆಸೆ ಹುಟ್ಟಬಹುದು. 'ಫಣಿಯಮ್ಮ' ಒಂದನ್ನೇ ಓದಿದವನಿಗೆ ಒಂದು ಜಾತಿಯ ಕಡೆ ಬೆರಳು ತೋರಿಸುವ ಆಸೆ ಹುಟ್ಟಬಹುದು. ಎರಡನ್ನೂ ಒಂದರ ಹಿಂದೆ ಒಂದು ಓದಿದವನ ಬೆರಳು ತನ್ನ ಮನೆಯ ಕಡೆಗೇ ತಿರುಗುತ್ತದೆ. ಬೇರೆ ಬೇರೆ ಬಗೆಯ ಕಾದಂಬರಿಗಳನ್ನು ಓದಬೇಕೆಂದು ನಾನು ಹೇಳುವುದು ಇದಕ್ಕಾಗಿ. ಒಂದು ಪುಸ್ತಕ ಹೇಳಿದ್ದನ್ನು ಇನ್ನೊಂದು ತಿದ್ದುತ್ತದೆ, ಮೂರನೆಯದು ಎರಡನ್ನೂ ಪ್ರಶ್ನಿಸುತ್ತದೆ. ಒಂದೇ ಬಗೆಯ ಪುಸ್ತಕವನ್ನು ಎಷ್ಟು ಓದಿದರೂ ಈ ಲಾಭ ಸಿಗುವುದಿಲ್ಲ.

ಕೊನೆಯದು ನಮ್ಮ ನೆರೆಯ ಕಲಬುರಗಿಯ ಗೀತಾ ನಾಗಭೂಷಣ ಅವರ 'ಬದುಕು'. ಈ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಆ ಪ್ರಶಸ್ತಿ ಪಡೆದ ಕನ್ನಡದ ಮೊದಲ ಲೇಖಕಿ ಅವರು. ಕೆಳಜಾತಿಯ, ದುಡಿಯುವ ಜನರ, ಅದರಲ್ಲೂ ಹೆಂಗಸರ ಬಾಳು ಇಲ್ಲಿ ನಮ್ಮ ಭಾಗದ ಮಾತಿನಲ್ಲೇ ಬಂದಿದೆ. ನಮ್ಮ ಮಾತಿನ ಬಗ್ಗೆ ನಮಗೆ ಒಂದು ಬಗೆಯ ಅಳುಕು ಇದೆ. ನಿಜಾಮರ ಆಡಳಿತವಿದ್ದ 1948ರವರೆಗೆ ಇಲ್ಲಿ ಸರಕಾರದ ಭಾಷೆ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಿಮ್ಮ ಹಿರಿಯರಿಂದ ಕೇಳಿರುತ್ತೀರಿ. ಅಷ್ಟು ಕಷ್ಟದಿಂದ ಉಳಿಸಿಕೊಂಡ ಕನ್ನಡವನ್ನು ಬೇರೆ ಊರಿನವರು ನಕ್ಕಾರೆಂದು ನಾವೇ ನುಂಗಿಕೊಳ್ಳುತ್ತೇವೆ. "ಹೀಗೆ ಮಾತಾಡಬೇಡಿ, ಪುಸ್ತಕದ ಕನ್ನಡ ಮಾತಾಡಿ" ಎಂದು ಎಷ್ಟೋ ಮಕ್ಕಳಿಗೆ ನಾನೂ ಹೇಳಿದ್ದೇನೆ. ಈಗ ಪುಸ್ತಕವೇ ಈ ಕನ್ನಡ ಆಡುತ್ತಿತ್ತು! ಬರೆಯುವಾಗ ಎಲ್ಲರಿಗೂ ತಿಳಿಯುವ ಕನ್ನಡ ಬೇಕು, ನಿಜ. ಅದಕ್ಕಾಗಿ ಮನೆಯ ಮಾತಿಗೆ ನಾಚಬೇಕಾದುದಿಲ್ಲ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯವನ್ನು ನೋಡಿದ್ದೀರಾ? ಅದರ ಗೋಡೆಯ ಮೇಲೆ ಅಕ್ಷರ ಬರೆಯುತ್ತ ನಿಂತ ಹೆಣ್ಣಿನ ಶಿಲ್ಪವೊಂದಿದೆ. ಅವಳು ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆಯನ್ನು. ನಾನು ಓದಿದ ಐದರಲ್ಲಿ ಮೂರು ಕಾದಂಬರಿಗಳನ್ನು ಬರೆದವರೂ ಹೆಂಗಸರೇ. ಇವರು ಬರೆದದ್ದು ಯಾರೂ ಹೊಗಳದ ಹೆಂಗಸರನ್ನು ಕುರಿತು.

ತಿಂಗಳ ಕೊನೆಯಲ್ಲಿ ಅದೇ ರೈತರು ಮತ್ತೆ ಸಿಕ್ಕರು. ಕೇಳುವ ಮೊದಲೇ ನಾನು 'ಬದುಕು' ತೆಗೆದು ಎರಡು ಪುಟ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಕೇಳಿ, "ಇದು ಬರೆದಾಕಿ ನಮ್ಮ ಕಡೀಕಿ ಏನ್ರಿ?" ಎಂದರು. ಹೌದೆಂದೆ. ಖರೇನೋ ಸುಳ್ಳೋ ಎಂದು ಈ ಸಲ ಅವರು ಕೇಳಲಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ನಾನು ನನ್ನ ತಾಯಿಯನ್ನು ಕೇಳಿದೆ. "ಅವ್ವಾ, ಅತ್ತೀಗಿ ಲಗ್ನ ಆದಾಗ ಎಷ್ಟು ವರ್ಷ ಇತ್ತು? ಗಂಡನ ಮನೀ ಯಾವ ಊರು?" ಅವ್ವ ಬಹಳ ಹೊತ್ತು ಯೋಚಿಸಿದರು. "ಯಾರಿಗ್ ಗೊತ್ತಪ್ಪಾ. ಅಕೀಗಿ ಯಾರ್ ಕೇಳ್ಯಾರ?" ಎಂದರು. ಅತ್ತೆ ತೀರಿಕೊಂಡು ಆಗಲೇ ಹಲವು ವರ್ಷಗಳಾಗಿದ್ದವು. ಫಣಿಯಮ್ಮನ ಬದುಕು ನಮಗೆ ದೊರೆತದ್ದು ಅದನ್ನು ಕೇಳಿದವರು, ನೆನಪಿಟ್ಟವರು, ಬರೆದವರು ಒಂದು ಮನೆಯಲ್ಲಿ ಇದ್ದುದರಿಂದ. ನಮ್ಮ ಮನೆಯಲ್ಲಿ ಕೇಳಿಸಿಕೊಳ್ಳಲು ನಾನಿದ್ದೆ, ಆದರೆ ಕೇಳಲಿಲ್ಲ.

ವಿದ್ಯಾರ್ಥಿಗಳೇ, ನಿಮಗೂ ರಜೆ ಬರುತ್ತದೆ. ದಿನಕ್ಕೆ ಇಪ್ಪತ್ತೈದು ಪುಟ ಓದಿದರೆ ತಿಂಗಳಿಗೆ ಏಳುನೂರೈವತ್ತು ಪುಟ. ಮೂರು ನಾಲ್ಕು ಕಾದಂಬರಿಗಳಿಗೆ ಅಷ್ಟು ಸಾಕು. ಒಂದು ಹಳೆಯ ಕಾಲದ್ದು, ಒಂದು ನಗಿಸುವಂಥದ್ದು, ಒಂದು ನಿಮ್ಮದಲ್ಲದ ಜನರನ್ನು ಕುರಿತದ್ದು, ಒಂದು ನಿಮ್ಮ ಮಾತಿನಲ್ಲೇ ಇರುವಂಥದ್ದು, ಹೀಗೆ ಆರಿಸಿಕೊಳ್ಳಿ. ಪ್ರತಿಯೊಂದನ್ನು ಮುಗಿಸಿದ ಮೇಲೆ ನೋಟುಬುಕ್ಕಿನಲ್ಲಿ ಒಂದು ಪುಟ ಬರೆಯಿರಿ. ಕತೆಯ ಸಾರಾಂಶ ಬೇಡ. ಈ ಪುಸ್ತಕ ನಿಮಗೆ ಯಾರನ್ನು ನೆನಪಿಗೆ ತಂದಿತು ಎಂದು ಬರೆಯಿರಿ. ಆ ಮನುಷ್ಯರು ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಇನ್ನೂ ಇದ್ದರೆ ಅವರ ಹತ್ತಿರ ಹೋಗಿ ಕುಳಿತುಕೊಳ್ಳಿ, ಕೇಳಿ.