ಬೀಟೇನ್



ಬಲವರ್ಧಕಗಳೆಂದು ಮಾರುವ ಪುಡಿಗಳ ಡಬ್ಬಿಗಳ ಮೇಲೆ ಈಚೆಗೆ ಬೀಟೇನ್ ಎಂಬ ಹೆಸರು ಕಾಣಬರುತ್ತದೆ. ಹೃದಯಕ್ಕೂ ಯಕೃತ್ತಿಗೂ ಇದು ಹಿತವೆಂದು ಹೇಳುವವರುಂಟು. ಈ ಮಾತಿನಲ್ಲಿ ನಿಜವೆಷ್ಟು, ಆಸೆಯೆಷ್ಟು ಎಂಬುದನ್ನು ನಾವು ಈ ಹೊತ್ತು ವಿಚಾರಮಾಡೋಣ.

ಹೆಸರಿನ ಮೂಲವು ಹೊಲದಲ್ಲಿದೆ. ನಾವು ಪಲ್ಯಕ್ಕೆ ಹೆಚ್ಚುವ ಕೆಂಪು ಬೀಟ್ ಗಡ್ಡೆಗೂ ಯೂರೋಪಿನವರು ಸಕ್ಕರೆ ತೆಗೆಯುವ ಬಿಳಿಯ ಬೀಟಿಗೂ ಸಸ್ಯಶಾಸ್ತ್ರದಲ್ಲಿ ಬೀಟಾ ವಲ್ಗ್ಯಾರಿಸ್ ಎಂದು ಒಂದೇ ಹೆಸರು. ೧೮೬೦ರ ದಶಕದಲ್ಲಿ ಜರ್ಮನಿಯ ರಸಾಯನಜ್ಞ ಕಾರ್ಲ್ ಷೈಬ್ಲರ್ ಎಂಬಾತನು ಸಕ್ಕರೆ ಬೀಟಿನ ರಸದಲ್ಲಿ ಈ ವಸ್ತುವನ್ನು ಕಂಡನು. ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದಾದ ಗ್ಲೈಸೀನಿನ ಸಾರಜನಕಕ್ಕೆ ಮೂರು ಮೀಥೈಲ್ ಗುಂಪುಗಳು ಅಂಟಿಕೊಂಡರೆ ಅದೇ ಬೀಟೇನ್. ಒಂದು ಇಂಗಾಲ, ಮೂರು ಜಲಜನಕ ಸೇರಿದ್ದು ಒಂದು ಮೀಥೈಲ್ ಗುಂಪು. ಈ ಅಣುವಿನ ಒಂದು ಕಡೆ ಧನವಿದ್ಯುತ್ತು, ಇನ್ನೊಂದು ಕಡೆ ಋಣವಿದ್ಯುತ್ತು, ಒಟ್ಟಿನಲ್ಲಿ ತಟಸ್ಥ. ಇಂತಹ ರಚನೆಯುಳ್ಳ ಬೇರೆ ವಸ್ತುಗಳಿಗೂ ಬೀಟೇನ್‌ಗಳೆಂದೇ ಹೆಸರು. ಶಾಂಪೂವಿನ ನೊರೆಗೆ ಕಾರಣವಾದ ಕೆಲವು ವಸ್ತುಗಳು ಈ ಕುಲದವೇ.

ಪ್ರಕೃತಿಯಲ್ಲಿ ಬೀಟೇನಿಗೆ ಎರಡು ಮುಖ್ಯ ಕೆಲಸಗಳುಂಟು. ಮೊದಲನೆಯದು ನೀರಿನ ರಕ್ಷಣೆ. ಉಪ್ಪುನೆಲದಲ್ಲಿಯೂ ಬರದಲ್ಲಿಯೂ ಬೀಟ್, ಪಾಲಕ್ ಮೊದಲಾದ ಗಿಡಗಳು ತಮ್ಮ ಜೀವಕೋಶಗಳಲ್ಲಿ ಇದನ್ನು ಕೂಡಿಟ್ಟುಕೊಂಡು, ಒಳಗಿನ ನೀರು ಹೊರಕ್ಕೆ ಹೋಗದಂತೆ ತಡೆಯುತ್ತವೆ. ನಮ್ಮ ಮೂತ್ರಪಿಂಡಗಳ ಒಳಭಾಗದ ಕೋಶಗಳೂ ಇದೇ ಉಪಾಯವನ್ನು ಅವಲಂಬಿಸಿವೆ.

ಎರಡನೆಯದು ದಾನದ ಕೆಲಸ. ೧೯೩೨ರಲ್ಲಿ ಟೊರಾಂಟೋ ನಗರದಲ್ಲಿ, ಇನ್ಸುಲಿನ್ ಸಂಶೋಧಕರಲ್ಲೊಬ್ಬರಾದ ಚಾರ್ಲ್ಸ್ ಬೆಸ್ಟ್ ಅವರೂ ಅವರ ಸಂಗಡಿಗರೂ ಕೋಲೀನ್ ಎಂಬ ವಸ್ತುವು ಯಕೃತ್ತಿನಲ್ಲಿ ಕೊಬ್ಬು ಸೇರುವುದನ್ನು ತಡೆಯುವುದೆಂದೂ ಬೀಟೇನಿಗೂ ಆ ಗುಣವಿರುವುದೆಂದೂ ಪ್ರಾಣಿಗಳಲ್ಲಿ ತೋರಿಸಿದರು. ಅದೇ ವರ್ಷ ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಅವರು ಹೋಮೋಸಿಸ್ಟೀನ್ ಎಂಬ ಗಂಧಕಯುಕ್ತ ವಸ್ತುವನ್ನು ಬೆಳಕಿಗೆ ತಂದರು. ಇವೆರಡು ಕಥೆಗಳೂ ಯಕೃತ್ತಿನಲ್ಲಿ ಕೂಡುತ್ತವೆ. ಅಲ್ಲಿ ಬೀಟೇನು ತನ್ನ ಮೂರು ಮೀಥೈಲ್ ಗುಂಪುಗಳಲ್ಲಿ ಒಂದನ್ನು ಹೋಮೋಸಿಸ್ಟೀನಿಗೆ ಕೊಡುತ್ತದೆ. ಹೋಮೋಸಿಸ್ಟೀನು ದೇಹಕ್ಕೆ ಬೇಕಾದ ಮೆಥಿಯೊನೀನ್ ಆಗುತ್ತದೆ.

ಈ ಸಣ್ಣ ದಾನದ ಬೆಲೆ ಎಷ್ಟೆಂಬುದು ಒಂದು ಅಪರೂಪದ ಆನುವಂಶಿಕ ರೋಗದಲ್ಲಿ ತಿಳಿಯುತ್ತದೆ. ೧೯೬೨ರಲ್ಲಿ ಉತ್ತರ ಐರ್ಲೆಂಡಿನ ವೈದ್ಯರು ವರ್ಣಿಸಿದ ಹೋಮೋಸಿಸ್ಟಿನೂರಿಯಾ ಎಂಬ ಈ ರೋಗದಲ್ಲಿ ಹೋಮೋಸಿಸ್ಟೀನು ರಕ್ತದಲ್ಲಿ ಮಿತಿಮೀರಿ ಸೇರುತ್ತದೆ. ಕಣ್ಣಿನ ಮಸೂರವು ಸ್ಥಾನ ತಪ್ಪುತ್ತದೆ, ಮೂಳೆಗಳು ದುರ್ಬಲವಾಗುತ್ತವೆ, ಬುದ್ಧಿಯ ಬೆಳವಣಿಗೆ ಕುಂಠಿತವಾಗಬಹುದು, ಎಳೆಯ ವಯಸ್ಸಿನಲ್ಲಿಯೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಅಪಾಯವಾಗಬಹುದು. ಆಹಾರದ ಪಥ್ಯದೊಡನೆ ಬೀಟೇನನ್ನು ಕೊಟ್ಟರೆ ಹೋಮೋಸಿಸ್ಟೀನು ಇಳಿಯುತ್ತದೆ. ೧೯೯೬ರಲ್ಲಿ ಅಮೆರಿಕದ ಸರ್ಕಾರವು ಇದನ್ನು ಈ ರೋಗಕ್ಕೆ ಔಷಧವೆಂದು ಅಂಗೀಕರಿಸಿತು. ಇಂತಹ ಮಗುವಿನ ತಾಯಿತಂದೆಗಳಿಗೆ ಬೀಟೇನು ಜೀವರಕ್ಷಕವೇ ಸರಿ.

ಹಾಗಾದರೆ ಆರೋಗ್ಯವಂತರಿಗೂ ಇದು ಒಳ್ಳೆಯದಲ್ಲವೇ ಎಂದು ಕೇಳಬಹುದು. ಹೋಮೋಸಿಸ್ಟೀನು ರಕ್ತನಾಳಗಳನ್ನು ಕೆಡಿಸುವುದೆಂದು ೧೯೬೯ರಲ್ಲಿ ಕಿಲ್ಮರ್ ಮೆಕ್ಕಲಿ ಎಂಬ ವೈದ್ಯರು ವಾದಿಸಿದರು. ಅದನ್ನು ಇಳಿಸಿದರೆ ಹೃದಯರೋಗವೂ ಇಳಿಯುವುದೆಂದು ಅನೇಕರು ನಂಬಿದರು. ಫೋಲಿಕ್ ಆಮ್ಲ ಮತ್ತು ಬಿ ವಿಟಮಿನ್ನುಗಳನ್ನು ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಗಳ ಫಲವು ೨೦೦೬ರಲ್ಲಿ ಪ್ರಕಟವಾಯಿತು. ಹೋಮೋಸಿಸ್ಟೀನು ಇಳಿದಿತ್ತು, ಹೃದಯಾಘಾತಗಳು ಮಾತ್ರ ಕಡಮೆಯಾಗಲಿಲ್ಲ. ಬೀಟೇನಿನ ವಿಷಯದಲ್ಲಿ ಮತ್ತೊಂದು ತೊಡಕುಂಟು. ದಿನಕ್ಕೆ ೪ ಗ್ರಾಂ ಮೀರಿದರೆ ಅದು ರಕ್ತದ ಕೊಲೆಸ್ಟರಾಲನ್ನು ಏರಿಸಬಹುದು. ಒಂದು ಅಂಕಿಯನ್ನು ಇಳಿಸುವುದು ಬೇರೆ, ಆಯುಷ್ಯವನ್ನು ಹೆಚ್ಚಿಸುವುದು ಬೇರೆ. ಈ ಭೇದವನ್ನು ಮರೆತಲ್ಲಿ ವ್ಯಾಪಾರಿಗೆ ಲಾಭವೇ ಹೊರತು ರೋಗಿಗಲ್ಲ.

ಸಾಮಾನ್ಯರಿಗೆ ಅಡಿಗೆಮನೆಯೇ ಸಾಕು. ೧೦೦ ಗ್ರಾಂ ಗೋಧಿಯ ತೌಡಿನಲ್ಲಿ ಸುಮಾರು ೧.೩ ಗ್ರಾಂ, ಅಷ್ಟೇ ಪಾಲಕ್ ಸೊಪ್ಪಿನಲ್ಲಿ ಸುಮಾರು ೦.೬ ಗ್ರಾಂ ಬೀಟೇನ್ ಇದೆ. ಕೋಲೀನಿನಿಂದ ದೇಹವೂ ಅದನ್ನು ತಯಾರಿಸಿಕೊಳ್ಳಬಲ್ಲದು. ಬೀಟೇನ್ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬಾರದು. ಆ ನೀರನ್ನೇ ಬಸ್ಸಾರು ಮಾಡುವ ನಮ್ಮ ಗೃಹಿಣಿಯರಿಗೆ ಈ ಪಾಠವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಪುಡಿಯ ಡಬ್ಬಿಯನ್ನು ಅದು ನಿಜವಾಗಿ ಬೇಕಾದ ಮಗುವಿಗೂ ಅದನ್ನು ಬಲ್ಲ ವೈದ್ಯರಿಗೂ ಬಿಡೋಣ. ಉಳಿದವರು ತೌಡು ತೆಗೆಯದ ಗೋಧಿಯನ್ನೂ ಸೊಪ್ಪನ್ನೂ ಉಣ್ಣೋಣ.