ಬಾಟಲಿಯ ನಿಪ್ಪಲನ್ನು ಬದಲಾಯಿಸುವುದು ಯಾವಾಗ?



ಎಳೆಯ ಮಗುವಿಗೆ ತಾಯಿಯ ಎದೆಹಾಲಿಗೆ ಸಮನಾದ ಆಹಾರ ಬೇರೊಂದಿಲ್ಲವೆಂಬುದನ್ನು ತಾವು ಅನೇಕ ಸಲ ಕೇಳಿದ್ದೀರಿ. ಮೊದಲ ಆರು ತಿಂಗಳು ಎದೆಹಾಲಿನ ಹೊರತು ನೀರು ಸಹ ಬೇಕಿಲ್ಲ. ಹಾಲುಬಾಟಲಿಯ ಜಾಹೀರಾತನ್ನು 1992ರ ಕಾಯಿದೆಯೇ ನಿಷೇಧಿಸಿದೆ. ಆದರೂ ಹೆರಿಗೆಯಲ್ಲಿ ತಾಯಿಯನ್ನು ಕಳೆದುಕೊಂಡ ಮನೆಗಳುಂಟು, ತಾಯಿ ಕಠಿಣ ಕಾಯಿಲೆಯಿಂದ ನರಳುತ್ತಿರುವ ಮನೆಗಳುಂಟು, ಯಾವುದೋ ಕಾರಣದಿಂದ ಬಾಟಲಿ ಆಗಲೇ ರೂಢಿಯಾಗಿಬಿಟ್ಟ ಮನೆಗಳೂ ಉಂಟು. ಅಂಥವರು ನಮ್ಮಲ್ಲಿಗೆ ಬಂದು, ‘ಮಗುವಿಗೆ ಹಾಲು ಸಾಲದೆಂದು ತೋರುತ್ತದೆ, ನಿಪ್ಪಲಿನ ತೂತು ದೊಡ್ಡದು ಮಾಡಬಹುದೇ?’ ಎಂದು ಕೇಳುತ್ತಾರೆ. ಪ್ರಶ್ನೆ ಅಲ್ಪವಾದುದೆಂದು ತಾವು ಭಾವಿಸಕೂಡದು. ಇದರಲ್ಲಿ ತಪ್ಪಿದರೆ ಹೊಟ್ಟೆಗೆ ಹೋಗಬೇಕಾದ ಹಾಲು ಶ್ವಾಸನಾಳಕ್ಕೆ ಹೋಗುವ ಭಯವಿದೆ.

ಮಗು ಹಾಲು ಕುಡಿಯುವಾಗ ಮೂರು ಕೆಲಸಗಳನ್ನು ಒಂದರ ಹಿಂದೊಂದು ನಡೆಸುತ್ತದೆ: ಚೀಪುವುದು, ನುಂಗುವುದು, ಉಸಿರಾಡುವುದು. ಎದೆಹಾಲು ಕುಡಿಯುವ ಮಗು ಚೀಪುವುದನ್ನು ನಿಲ್ಲಿಸಿದರೆ ಹಾಲಿನ ಹರಿವೂ ಬಹುಮಟ್ಟಿಗೆ ತಗ್ಗುತ್ತದೆ. ತಲೆಕೆಳಗು ಹಿಡಿದ ಬಾಟಲಿಯಿಂದಾದರೋ ಮಗು ಚೀಪಲಿ ಬಿಡಲಿ ಹಾಲು ತೊಟ್ಟಿಕ್ಕುತ್ತಲೇ ಇರುತ್ತದೆ. ತೂತು ದೊಡ್ಡದಾದಷ್ಟೂ ಮಗುವಿಗೆ ಉಸಿರಾಡಲು ಸಿಗುವ ಬಿಡುವು ಕಡಿಮೆ.

ಈಗ ಪೇಟೆಯಲ್ಲಿ ದೊರೆಯುವ ನಿಪ್ಪಲುಗಳ ಮೇಲೆ ಒಂದು, ಎರಡು, ಮೂರು ಎಂದು ಅಂಕಿಗಳಿರುತ್ತವೆ. ಇಷ್ಟು ತಿಂಗಳಿಗೆ ಇದು ಎಂದೂ ಪೊಟ್ಟಣದ ಮೇಲೆ ಅಚ್ಚುಮಾಡಿರುತ್ತಾರೆ. ಒಬ್ಬ ತಯಾರಕನ ಎರಡನೆಯ ನಂಬರು ಮತ್ತೊಬ್ಬನದಕ್ಕೆ ಸರಿಹೊಂದುವುದಿಲ್ಲ. ಆದುದರಿಂದ ಮಗುವಿಗೆ ಮೂರು ತಿಂಗಳು ತುಂಬಿತೆಂಬ ಒಂದೇ ಕಾರಣಕ್ಕೆ ನಿಪ್ಪಲನ್ನು ಬದಲಾಯಿಸುವ ಅಗತ್ಯವಿಲ್ಲ. ಪೊಟ್ಟಣವನ್ನು ನೋಡುವ ಬದಲು ಮಗುವಿನ ಮುಖವನ್ನು ನೋಡಿರಿ. ಸಣ್ಣ ತೂತಿನಿಂದಲೇ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಸಮಾಧಾನವಾಗಿ ಕುಡಿದು, ತೂಕವೂ ಏರುತ್ತಿದ್ದರೆ ಅದೇ ನಿಪ್ಪಲು ಸಾಕು. ಎದೆಹಾಲನ್ನೂ ಕುಡಿಯುತ್ತಿರುವ ಮಗುವಿಗಂತೂ ಯಾವಾಗಲೂ ನಿಧಾನದ ನಿಪ್ಪಲೇ ಇರಲಿ. ಸುಲಭವಾಗಿ ಸುರಿಯುವ ಹಾಲಿನ ರುಚಿ ಹತ್ತಿದ ಮಗು ತಾಯಿಯ ಎದೆಯನ್ನು ನಿರಾಕರಿಸುವುದುಂಟು.

ಹರಿವು ಸಾಲದಾದಾಗ ಮಗು ಕೆನ್ನೆಗಳು ಒಳಕ್ಕೆ ಹೋಗುವಂತೆ ಬಲವಾಗಿ ಚೀಪುತ್ತದೆ, ನಿಪ್ಪಲು ಚಪ್ಪಟೆಯಾಗುತ್ತದೆ, ನಡುವೆ ಬಾಟಲಿಯನ್ನು ಬಿಟ್ಟು ಅಳುತ್ತದೆ, ಅರ್ಧ ಗಂಟೆ ಕಳೆದರೂ ಹಾಲು ಮುಗಿಯದೆ ದಣಿದು ನಿದ್ರೆ ಹೋಗುತ್ತದೆ. ಇವು ಒಂದು ಹೊತ್ತು ಕಂಡುವೆಂದು ಪೇಟೆಗೆ ಓಡಬೇಡಿರಿ. ಬಾಟಲಿಯ ತಿರುಪು ಬಳೆಯನ್ನು ತೀರ ಬಿಗಿಯಾಗಿ ತಿರುಗಿಸಿದ್ದರೆ ಒಳಕ್ಕೆ ಗಾಳಿ ಹೋಗದೆ ಹಾಲು ಇಳಿಯುವುದಿಲ್ಲ, ತುಸು ಸಡಿಲಿಸಿರಿ. ಕೆನೆಯೋ ಕರಗದ ಪುಡಿಯ ಗಂಟೋ ತೂತಿಗೆ ಅಡ್ಡಬಂದಿರಬಹುದು, ತೊಳೆದು ನೋಡಿರಿ. ನೆಗಡಿಯಿಂದ ಮೂಗು ಕಟ್ಟಿದ ಮಗು ಯಾವ ನಿಪ್ಪಲಿನಿಂದಲೂ ನಿಧಾನವಾಗಿಯೇ ಕುಡಿಯುತ್ತದೆ. ಇವೊಂದೂ ಇಲ್ಲದೆ ಮೂರು ನಾಲ್ಕು ದಿನ ಅದೇ ಲಕ್ಷಣಗಳು ಮುಂದುವರಿದರೆ ಮಾತ್ರ ಒಂದು ಮೆಟ್ಟಿಲು ಹೆಚ್ಚಿನ ನಿಪ್ಪಲನ್ನು ತರಬಹುದು.

ತಂದೊಡನೆ ಪರೀಕ್ಷೆ ಮಾಡಿರಿ. ಉಗುರುಬೆಚ್ಚಗಿನ ಹಾಲು ತುಂಬಿ, ಅಲುಗಿಸದೆ ಬಾಟಲಿಯನ್ನು ತಲೆಕೆಳಗು ಹಿಡಿಯಿರಿ. ಸೆಕೆಂಡಿಗೆ ಸುಮಾರು ಒಂದು ಹನಿಯಂತೆ ಬಿದ್ದರೆ ಸರಿ. ಧಾರೆಯಾಗಿ ಸುರಿದರೆ ಅದು ಬೇಡ. ಹೊಸ ನಿಪ್ಪಲಿನ ಮೊದಲ ಸರದಿ ಹಗಲಿನಲ್ಲಿರಲಿ; ನಿದ್ದೆಗಣ್ಣಿನ ತಾಯಿ, ಮಿಣುಕು ದೀಪ, ಹೊಸ ನಿಪ್ಪಲು ಮೂರೂ ಒಟ್ಟಿಗೆ ಕೂಡುವುದು ಒಳ್ಳೆಯದಲ್ಲ. ಮಗುವಿನ ತಲೆಯನ್ನು ಎತ್ತರಿಸಿ ತೊಡೆಯ ಮೇಲೆ ಒರಗಿಸಿಕೊಳ್ಳಿರಿ. ಅದು ಗಟಗಟನೆ ನುಂಗಿದರೆ, ಕೆಮ್ಮಿದರೆ, ಕಟಬಾಯಿಯಿಂದ ಹಾಲು ಸೋರಿದರೆ, ಕಣ್ಣು ಅಗಲಿಸಿ ಕೈಕಾಲು ಸೆಟೆದುಕೊಂಡರೆ ಹರಿವು ಹೆಚ್ಚಾಯಿತೆಂದು ತಿಳಿದು ಹಳೆಯ ನಿಪ್ಪಲಿಗೇ ಹಿಂತಿರುಗಿರಿ. ದಿಂಬಿಗೆ ಬಾಟಲಿಯನ್ನು ಆನಿಸಿಟ್ಟು ಮನೆಗೆಲಸಕ್ಕೆ ಎದ್ದುಹೋಗುವುದು ಎಷ್ಟು ಮಾತ್ರಕ್ಕೂ ಕೂಡದು.

ಇನ್ನೊಂದು ರೂಢಿಯನ್ನು ಬಿಚ್ಚುಮನಸ್ಸಿನಿಂದ ಹೇಳಬೇಕಾಗಿದೆ. ದಬ್ಬಣವನ್ನು ಒಲೆಯಲ್ಲಿ ಕಾಯಿಸಿ ನಿಪ್ಪಲಿಗೆ ಚುಚ್ಚುವುದು ಹಲವು ಮನೆಗಳಲ್ಲಿ ನಡೆದುಬಂದಿದೆ. ಹೀಗೆ ಮಾಡಿದ ತೂತಿನ ಅಳತೆ ಯಾರ ಕೈಯಲ್ಲೂ ಇಲ್ಲ. ದಿನಗಳೆದಂತೆ ಅದು ಹರಿದು ಅಗಲವಾಗುತ್ತದೆ. ಹಾಲುಣ್ಣುವಾಗಲೆಲ್ಲ ಕೆಮ್ಮುತ್ತದೆಂದು ನಮ್ಮಲ್ಲಿಗೆ ತಂದ ಎರಡು ತಿಂಗಳ ಒಂದು ಕೂಸಿನ ಬಾಟಲಿಯನ್ನು ನಾನು ಬಗ್ಗಿಸಿ ನೋಡಿದಾಗ ಹಾಲು ದಾರದಂತೆ ಸುರಿಯಿತು. ನಿಪ್ಪಲನ್ನು ಬದಲಾಯಿಸಿದ ಮೇಲೆ ಕೆಮ್ಮು ನಿಂತಿತು. ಎದೆಯಲ್ಲಿ ಕಫ ಕಟ್ಟುವ ಮೊದಲೇ ಕರೆತಂದದ್ದು ಆ ಅಜ್ಜಿಯ ಜಾಣತನ. ರಾಗಿ ಸರಿಯನ್ನು ಬಾಟಲಿಗೆ ಹಾಕಿ, ಅದು ಇಳಿಯಲೆಂದು ತೂತನ್ನು ಹಿಗ್ಗಿಸುವವರೂ ಇದ್ದಾರೆ. ಸರಿ ಆರು ತಿಂಗಳು ತುಂಬಿದ ಮೇಲೆ, ಬಟ್ಟಲಿನಿಂದ ಚಮಚದಲ್ಲಿ ಉಣಿಸುವ ಪದಾರ್ಥ. ಡಬ್ಬ ಬೇಗ ಮುಗಿಯುತ್ತದೆಂದು ಪುಡಿಗೆ ನೀರು ಹೆಚ್ಚಿಸುವುದೂ ಸಲ್ಲದು. ಹೊಟ್ಟೆ ತುಂಬದೆ ಅಳುವ ಮಗುವಿಗೆ ತೂತು ದೊಡ್ಡದು ಮಾಡಿದರೆ ನೀರೇ ಬೇಗ ಇಳಿಯುತ್ತದೆ, ಅಷ್ಟೆ.

ಸಂದೇಹ ಬಂದಾಗ ಅಂಗನವಾಡಿಯಲ್ಲಿ ತೂಕ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿರಿ. ದಿನಕ್ಕೆ ಆರು ಸಲವಾದರೂ ಮೂತ್ರ ವಿಸರ್ಜಿಸಿ, ತೂಕ ಏರುತ್ತಿರುವ ಮಗುವಿಗೆ ಹಾಲು ಸಾಲುತ್ತಿದೆ. ಆದರೆ ನಿನ್ನೆಯವರೆಗೆ ಚೆನ್ನಾಗಿ ಕುಡಿಯುತ್ತಿದ್ದ ಮಗು ಇಂದು ಚೀಪಲಾರದೆ ಹೋದರೆ, ಕುಡಿಯುವಾಗ ಹಣೆಯ ಮೇಲೆ ಬೆವರು ಬಂದರೆ, ಏದುಸಿರು ಬಿಟ್ಟರೆ, ತುಟಿ ನೀಲಿಯಾದರೆ ದೋಷ ನಿಪ್ಪಲಿನದಲ್ಲ. ಹೃದಯದ ಅಥವಾ ಶ್ವಾಸಕೋಶದ ಕಾಯಿಲೆಯಿರಬಹುದು, ರಕ್ತಕ್ಕೆ ಸೋಂಕು ತಗುಲಿರಬಹುದು. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿರಿ. 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ. ದಿನ ತುಂಬದೆ ಹುಟ್ಟಿದ ಮಗುವಿಗೂ ಅಂಗುಳ ಸೀಳಿದ ಮಗುವಿಗೂ ವೈದ್ಯರನ್ನು ಕೇಳದೆ ಯಾವ ನಿಪ್ಪಲನ್ನೂ ಬದಲಾಯಿಸಬಾರದು.

ಹರಿವು ಸರಿಯಿದ್ದರೂ ಅಂಟಂಟಾದ, ಬಿರುಕುಬಿಟ್ಟ, ಬಣ್ಣಗೆಟ್ಟ ನಿಪ್ಪಲನ್ನು ಎಸೆಯತಕ್ಕದ್ದು. ಉಳಿದುದನ್ನು ಪ್ರತಿಸಲವೂ ಸೋಪಿನಿಂದ ಒಳಹೊರಗು ಉಜ್ಜಿ, ನೀರಿನಲ್ಲಿ ಮುಳುಗಿಸಿ ಹತ್ತು ನಿಮಿಷ ಕುದಿಸಬೇಕು. ಸೌದೆ, ಸಮಯ, ಬೇಸಿಗೆಯ ನೀರು ಇವುಗಳನ್ನು ಬಲ್ಲ ತಮಗೆ ಇದರ ಕಷ್ಟವನ್ನು ನಾನು ಹೇಳಬೇಕಾಗಿಲ್ಲ. ನಮ್ಮ ಹಿರಿಯರ ಮನೆಗಳಲ್ಲಿ ಹಿತ್ತಾಳೆಯದೋ ಬೆಳ್ಳಿಯದೋ ಒಂದು ಒಳಲೆ ಇರುತ್ತಿತ್ತು. ಅದಕ್ಕೆ ತೂತಿಲ್ಲ, ಬದಲಾಯಿಸುವ ಚಿಂತೆಯಿಲ್ಲ, ತೊಳೆದು ಕುದಿಸುವುದೂ ಸುಲಭ. ಎದೆಹಾಲು ದೊರೆಯದ ಮಗುವಿಗೆ ಒಳಲೆಯನ್ನೋ ಸಣ್ಣ ಬಟ್ಟಲನ್ನೋ ತುಟಿಗೆ ಮುಟ್ಟಿಸಿ ಸ್ವಲ್ಪಸ್ವಲ್ಪವಾಗಿ ಕುಡಿಸುವುದನ್ನೇ ನಾವು ಮೊದಲು ಸೂಚಿಸುತ್ತೇವೆ. ಇದನ್ನು ತಂದೆಯೂ ಕಲಿಯಬಹುದು. ಅಟ್ಟದ ಮೇಲೆ ಹಳೆಯ ಒಳಲೆ ಇದ್ದರೆ ಅಂಚು ಹರಿತವಾಗಿಲ್ಲವೆಂದು ಬೆರಳಾಡಿಸಿ ನೋಡಿರಿ. ಹಿತ್ತಾಳೆಯದಾದರೆ ಅದನ್ನು ಅಲ್ಲೇ ಬಿಟ್ಟು ಸ್ಟೀಲಿನದನ್ನು ಕೊಂಡುತನ್ನಿರಿ.