ಒಂದು ಬಸ್ಸಿಗಾಗಿ ಹೂಡಿದ ದಾವೆ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿದುದಲ್ಲ. ಗೇಣಿಯ, ಪಾಲುಪಟ್ಟಿಯ ವ್ಯಾಜ್ಯಗಳಲ್ಲಿ ಮನೆಮಾರುಗಳು ಕರಗಿಹೋದುದನ್ನು ಕಂಡವರು ಈ ಸಭೆಯಲ್ಲಿಯೂ ಇದ್ದಾರೆ. ಆದರೂ ಇಂದು ಒಂದು ದಾವೆಯ ಕಥೆಯನ್ನೇ ಹೇಳಲು ನಾವು ನಿಂತಿದ್ದೇವೆ. ಅದು ಅಮೆರಿಕದ ದಕ್ಷಿಣ ಕೆರೋಲಿನ ರಾಜ್ಯದಲ್ಲಿ, ಕ್ಲಾರೆಂಡನ್ ಎಂಬ ಜಿಲ್ಲೆಯಲ್ಲಿ, ಮಕ್ಕಳ ಶಾಲೆಯ ಸಲುವಾಗಿ ನಡೆದುದು. ಶಾಲೆಯ ಮಾತು ಬಂದರೆ ಗಡಿನಾಡಿನವರಾದ ನಮ್ಮ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ. ಆದರೆ ಅವರ ಪಾಡನ್ನು ನಮ್ಮ ಅಹವಾಲುಗಳೊಡನೆ ತಕ್ಕಡಿಗೆ ಹಾಕುವುದು ಸಲ್ಲದು. ಅವರದು ತಲೆತಲಾಂತರದ ಗುಲಾಮಗಿರಿ ಬಿಟ್ಟುಹೋದ ಸಂಕಟ.

ಕ್ಲಾರೆಂಡನ್ ಹತ್ತಿಯ ಸೀಮೆ. ಅಂದು ಅಲ್ಲಿಯ ನಿವಾಸಿಗಳಲ್ಲಿ ನೂರಕ್ಕೆ 70ಕ್ಕೂ ಮಿಕ್ಕವರು ಕರಿಯರು. ನೆಲದ ಬಹುಭಾಗ ಮಾತ್ರ ಬಿಳಿಯರದು. ಬಿತ್ತನೆಗೆ ಸಾಲ ಕೊಡುವವನು ಬಿಳಿಯ, ಹತ್ತಿಯನ್ನು ಕೊಳ್ಳುವವನು ಬಿಳಿಯ, ಶಾಲಾ ಮಂಡಲಿಯಲ್ಲಿ ಕುಳಿತವನೂ ಬಿಳಿಯನೇ. ಎರಡು ಜನಾಂಗಗಳಿಗೆ ಬೇರೆಬೇರೆ ಏರ್ಪಾಡಿದ್ದರೂ ಅವು ಸಮಾನವಾಗಿದ್ದರೆ ತಪ್ಪಿಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1896ರಲ್ಲಿ ಪ್ಲೆಸಿ ಎಂಬವರ ಮೊಕದ್ದಮೆಯಲ್ಲಿ ತೀರ್ಪಿತ್ತಿತ್ತು. ಬೇರ್ಪಡಿಸುವುದು ಚಾಚೂ ತಪ್ಪದೆ ನಡೆಯಿತು. ಸಮಾನತೆ ಕಾಗದದಲ್ಲಿಯೇ ಉಳಿಯಿತು. 1949-50ರಲ್ಲಿ ಆ ಜಿಲ್ಲೆ ಒಬ್ಬ ಬಿಳಿಯ ವಿದ್ಯಾರ್ಥಿಗೆ 179 ಡಾಲರನ್ನೂ ಕರಿಯ ವಿದ್ಯಾರ್ಥಿಗೆ 43 ಡಾಲರನ್ನೂ ವೆಚ್ಚಮಾಡುತ್ತಿತ್ತು. ಬಿಳಿಯರ ಮಕ್ಕಳನ್ನು ಕರೆದೊಯ್ಯಲು 30 ಬಸ್ಸುಗಳಿದ್ದುವು. ಕರಿಯರ ಮಕ್ಕಳಿಗೆ ಒಂದೂ ಇರಲಿಲ್ಲ. ಅವರಲ್ಲಿ ಕೆಲವರು ಒಂಬತ್ತು ಮೈಲಿ ನಡೆಯಬೇಕಾಗಿತ್ತು.

ತಂದೆತಾಯಿಗಳು ತಾವೇ ವಂತಿಗೆ ಕೂಡಿಸಿ ಹಳೆಯ ಬಸ್ಸೊಂದನ್ನು ಕೊಂಡರು. ಅದು ಓಡಿದುದಕ್ಕಿಂತ ನಿಂತುದೇ ಹೆಚ್ಚು. ಪಾದ್ರಿಯೂ ಉಪಾಧ್ಯಾಯರೂ ಆಗಿದ್ದ ಜೋಸೆಫ್ ಡಿಲೇನ್ ಎಂಬವರು ಅಧಿಕಾರಿಗಳನ್ನು ಕಂಡು ಸಹಾಯ ಬೇಡಿ ಬರಿಗೈಯಲ್ಲಿ ಮರಳಿದರು. ಆಗ ಲೀವೈ ಪಿಯರ್ಸನ್ ಎಂಬ ರೈತರು ಒಂದು ಬಸ್ಸಿಗಾಗಿ ದಾವೆ ಹೂಡಿದರು. ಅವರ ಹೊಲ ಎರಡು ಶಾಲಾವಲಯಗಳ ಎಲ್ಲೆಯ ಮೇಲಿತ್ತು. ಮಕ್ಕಳು ಓದುವ ವಲಯದಲ್ಲಿ ಅವರು ಕಂದಾಯ ಕಟ್ಟಿಲ್ಲವೆಂಬ ಕಾರಣಕ್ಕೆ 1948ರಲ್ಲಿ ದಾವೆ ತಳ್ಳಿಹೋಯಿತು. ಮೊಕದ್ದಮೆಯ ಸತ್ಯಾಸತ್ಯ ವಿಚಾರಣೆಗೇ ಬರಲಿಲ್ಲ! ಆದರೆ ದಂಡವು ಬಂದೇ ಬಂದಿತು. ಸಾಲ ಕೊಡುವವರು ಬಾಗಿಲು ಮುಚ್ಚಿದರು. ಕೊಯ್ಲಿನ ಯಂತ್ರ ಬಾಡಿಗೆಗೆ ಸಿಕ್ಕದೆ ಬೆಳೆ ಹೊಲದಲ್ಲಿಯೇ ಕೊಳೆಯಿತು.

ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್.ಎ.ಎ.ಸಿ.ಪಿ. ಸಂಸ್ಥೆಯ ವಕೀಲರು ಥರ್ಗುಡ್ ಮಾರ್ಷಲ್. ಒಬ್ಬ ವಾದಿಯನ್ನು ಹೀಗೆ ಸುಲಭವಾಗಿ ಹೊರದೂಡಬಹುದೆಂದು ಕಂಡ ಅವರು, ಒಂದೇ ವಲಯದಿಂದ ಇಪ್ಪತ್ತು ಮಂದಿಯಾದರೂ ಮುಂದೆ ಬಂದರೆ ದಾವೆ ನಡೆಸುವೆವೆಂದರು. 1949ರ ನವೆಂಬರಿನಲ್ಲಿ ಹ್ಯಾರಿ ಬ್ರಿಗ್ಸ್ ಎಂಬವರ ಮನೆಯಲ್ಲಿ ನೂರಕ್ಕೂ ಹೆಚ್ಚು ಮಂದಿ, ಹಿರಿಯರೂ ಮಕ್ಕಳೂ, ಅರ್ಜಿಗೆ ರುಜು ಹಾಕಿದರು. ಅಕ್ಷರಾನುಕ್ರಮದಲ್ಲಿ ಬ್ರಿಗ್ಸ್ ಹೆಸರು ಮೊದಲು ಬಂದುದರಿಂದ ದಾವೆಗೆ ಅದೇ ಹೆಸರಾಯಿತು. ಆತ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದು ಬಂದು, ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದವರು. ಆ ವರ್ಷದ ಕ್ರಿಸ್‌ಮಸ್ಸಿನ ಮುನ್ನಾದಿನವೇ ಕೆಲಸ ಹೋಯಿತು. ಅವರ ಪತ್ನಿ ಎಲೈಜಾ ಪ್ರವಾಸಿಗರ ತಂಗುಮನೆಯೊಂದರಲ್ಲಿ ಕಸಗುಡಿಸುತ್ತಿದ್ದರು. ಅವರಿಗೂ ಅದೇ ಗತಿ. ಡಿಲೇನರ ಮನೆ 1951ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದು ಪಟ್ಟಣದ ಎಲ್ಲೆಯ ಹೊರಗಿದೆಯೆಂದು ಅಗ್ನಿಶಾಮಕದವರು ನಿಂತು ನೋಡಿದರು.

ಇಲ್ಲಿ ನಾವು ಸ್ವಲ್ಪ ತಡೆದು ಒಂದು ಮಾತನ್ನು ಹೇಳಬೇಕಾಗಿದೆ. ದಾವೆಯ ಇತಿಹಾಸ ಬರೆಯುವವರು ವಕೀಲರ ಜಾಣ್ಮೆಯನ್ನೂ ನ್ಯಾಯಾಧೀಶರ ಧೈರ್ಯವನ್ನೂ ಕೊಂಡಾಡುತ್ತಾರೆ. ಅದು ಸರಿಯೇ. ಆದರೆ ವಕೀಲರು ಸಂಜೆಯ ರೈಲು ಹಿಡಿದು ಊರಿಗೆ ಹೋಗಬಲ್ಲರು. ರುಜು ಹಾಕಿದವನು ಮರುದಿನ ಬೆಳಗ್ಗೆ ಅದೇ ಸಾಹುಕಾರನ ಅಂಗಡಿಗೆ ಹೋಗಬೇಕು. ವರ್ಣದ ಅನ್ಯಾಯವೂ ಅನ್ನದ ಅನ್ಯಾಯವೂ ಅಲ್ಲಿ ಒಂದೇ ಹಗ್ಗದ ಎರಡು ಎಳೆಗಳಾಗಿದ್ದುವು. ಇದನ್ನು ಚೆನ್ನಾಗಿ ಅರಿತವರು ಮೊಜೆಸ್ಕ ಸಿಮ್ಕಿನ್ಸ್ ಎಂಬ ಮಹಿಳೆ. ಕೊಲಂಬಿಯ ನಗರದಲ್ಲಿ ಕರಿಯರೇ ನಡೆಸುತ್ತಿದ್ದ ವಿಕ್ಟರಿ ಸೇವಿಂಗ್ಸ್ ಬ್ಯಾಂಕಿನಿಂದ ಈ ಜನರಿಗೆ ಸಾಲ ದೊರೆಯುವಂತೆ ಅವರು ದುಡಿದರು. ಆ ಸಾಲದ ಕಾಗದಗಳೂ ಮೊಕದ್ದಮೆಯ ಕಾಗದಗಳಷ್ಟೇ ಬೆಲೆಯುಳ್ಳವೆಂದು ನಮ್ಮ ಎಣಿಕೆ.

ಮೊದಲಿಗೆ ಕೇಳಿದುದು ಸಮಾನವಾದ ಶಾಲೆಗಳನ್ನು. ನ್ಯಾಯಾಧೀಶ ವೇಟೀಸ್ ವೇರಿಂಗರೇ ಪ್ರೇರಿಸಿದ ಮೇಲೆ, ಬೇರ್ಪಡಿಸುವುದೇ ತಪ್ಪೆಂದು 1950ರ ಕೊನೆಯಲ್ಲಿ ಹೊಸ ದಾವೆ ಹೂಡಲಾಯಿತು. 1951ರ ಮೇ 28ರಂದು ಚಾರ್ಲ್ಸ್‌ಟನ್ನಿನಲ್ಲಿ ವಿಚಾರಣೆ ಆರಂಭವಾದಾಗ ಕ್ಲಾರೆಂಡನ್ನಿನ ಹಳ್ಳಿಗರು ಬೆಳಗಿನ ಜಾವವೇ ಬಂದು ನ್ಯಾಯಾಲಯದ ಮುಂದೆ ನಿಂತಿದ್ದರು. ಪ್ರತಿವಾದಿಗಳ ವಕೀಲರು ಒಂದು ಉಪಾಯ ಹೂಡಿದರು. ಶಾಲೆಗಳು ಸಮಾನವಾಗಿಲ್ಲವೆಂದು ತಾವಾಗಿಯೇ ಒಪ್ಪಿ, ಸರಿಪಡಿಸಲು ಕಾಲ ಬೇಡಿದರು. ಸಮಾನತೆಯ ಲೆಕ್ಕ ತೀರಿದರೆ ಬೇರ್ಪಡಿಸುವುದರ ಪ್ರಶ್ನೆ ಏಳದೆಂಬುದು ಅವರ ಹಂಚಿಕೆ.

ಆದರೆ ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕರು ಆ ಜಿಲ್ಲೆಯ 16 ಮಂದಿ ಕರಿಯ ಮಕ್ಕಳ ಮುಂದೆ ಬಿಳಿಯ ಬೊಂಬೆಯನ್ನೂ ಕಂದುಬಣ್ಣದ ಬೊಂಬೆಯನ್ನೂ ಇಟ್ಟು ನೋಡಿದ್ದರು. ಹತ್ತು ಮಕ್ಕಳು ಬಿಳಿಯದೇ ತಮಗೆ ಮೆಚ್ಚೆಂದುವು. ಕೆಟ್ಟದ್ದು ಯಾವುದೆಂದರೆ ಹನ್ನೊಂದು ಮಕ್ಕಳು ತಮ್ಮದೇ ಬಣ್ಣದ ಬೊಂಬೆಯತ್ತ ಕೈತೋರಿದುವು. ಇಂತಹ ಗಾಯಕ್ಕೆ ಯಾವ ಹೊಸ ಕಟ್ಟಡ ಔಷಧವಾದೀತು?

ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಹಳೆಯ ತೀರ್ಪಿಗೇ ಅಂಟಿಕೊಂಡರು. ವೇರಿಂಗರು ಮಾತ್ರ, ಬೇರ್ಪಡಿಸುವುದೇ ಅಸಮಾನತೆಯೆಂದು ಭಿನ್ನಮತ ಬರೆದರು. ಅವರ ಸ್ವಂತ ಊರು ಅವರನ್ನು ದೂರವಿಟ್ಟಿತು. 1952ರಲ್ಲಿ ನಿವೃತ್ತರಾಗಿ ನ್ಯೂಯಾರ್ಕಿಗೆ ಹೋಗಿ ನೆಲೆಸಿದರು. ಕಾನ್ಸಾಸ್, ವರ್ಜೀನಿಯ, ಡೆಲವೇರ್ ರಾಜ್ಯಗಳ ದಾವೆಗಳೊಂದಿಗೆ ಈ ದಾವೆಯನ್ನೂ ಕೂಡಿಸಿ ವಿಚಾರಿಸಿದ ಸರ್ವೋಚ್ಚ ನ್ಯಾಯಾಲಯವು 1954ರ ಮೇ 17ರಂದು, ಒಂಬತ್ತು ಮಂದಿ ನ್ಯಾಯಮೂರ್ತಿಗಳೂ ಒಮ್ಮತದಿಂದ, ವೇರಿಂಗರ ನಿಲುವನ್ನೇ ಎತ್ತಿಹಿಡಿಯಿತು. ಕಾನ್ಸಾಸಿನ ಬ್ರೌನ್ ಎಂಬವರ ಹೆಸರು ಲೋಕವಿಖ್ಯಾತವಾಯಿತು. ಬ್ರಿಗ್ಸ್ ದಂಪತಿಗಳನ್ನು ಬಲ್ಲವರು ವಿರಳ.

ಆಚರಣೆಗೆ ತರುವುದರಲ್ಲಿ ಮಾತ್ರ ಸಾವಕಾಶಕ್ಕೆ ಅವಕಾಶ ಉಳಿಯಿತು. ಡಿಲೇನರು 1955ರಲ್ಲಿ ತಮ್ಮ ಇಗರ್ಜಿ ಸುಟ್ಟು, ಮನೆಯ ಮೇಲೆ ಗುಂಡು ಹಾರಿದಾಗ ತಾವೂ ತಿರುಗಿ ಹಾರಿಸಿ ರಾಜ್ಯ ಬಿಟ್ಟು ಹೋದರು. ಅವರ ಮೇಲಿನ ಬಂಧನದ ವಾರಂಟು ರದ್ದಾದುದು 2000ದಲ್ಲಿ, ಅವರು ತೀರಿಕೊಂಡು 26 ವರ್ಷಗಳಾದ ಮೇಲೆ. ಆ ಊರಿನ ಬಿಳಿಯರ ಶಾಲೆಯನ್ನು ಕರಿಯ ಮಕ್ಕಳು ಪ್ರವೇಶಿಸಿದುದು 1965ರಲ್ಲಿ. ಅಷ್ಟರಲ್ಲಿ ಅರ್ಜಿಯಲ್ಲಿ ಹೆಸರಿದ್ದ ಮಕ್ಕಳು ಶಾಲೆಯ ಪ್ರಾಯವನ್ನೇ ದಾಟಿದ್ದರು. ಬಿಳಿಯರು ತಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸತೊಡಗಿದರು.

ಡಿಲೇನ್, ಪಿಯರ್ಸನ್, ಬ್ರಿಗ್ಸ್ ದಂಪತಿಗಳು, ಈ ನಾಲ್ವರಿಗೆ ಅಮೆರಿಕದ ಸಂಸತ್ತು 2004ರಲ್ಲಿ ಚಿನ್ನದ ಪದಕಗಳನ್ನು ಅರ್ಪಿಸಿತು. ನಾಲ್ವರಲ್ಲಿ ಒಬ್ಬರೂ ಅಂದು ಬದುಕಿರಲಿಲ್ಲ.